ಎಫ್-30 ಮತ್ತು ಎಸ್‌ಟಿ-64: ಒಂದೇ ಕಂಪ್ರೆಸರಿಗೆ ಎರಡು ಬೇರೆ ನೇಲ್ ಗನ್

ಬೆಳಗಾವಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಂಪ್ರೆಸರಿನ ಗಾಳಿಯಿಂದ ಮೊಳೆ ಹೊಡೆಯುವ ಎಫ್-30 ಮತ್ತು ಎಸ್‌ಟಿ-64 ಗನ್ನುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ‘ದೊಡ್ಡದ ಒಯ್ರಿ, ಎಲ್ಲಾ ಕೆಲಸಕ್ಕೂ ಬರ್ತದ’ ಎಂದು ಮಾರುವವರೂ ಇದ್ದಾರೆ. ಆ ಮಾತು ನಿಜವಲ್ಲ. ಸಾಗವಾನಿ, ಬೇವು, ಜಾಲಿ, ಪ್ಲೈ, ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ), ಗೋಡೆ ಎಲ್ಲದರ ಮೇಲೂ ಎರಡನ್ನೂ ಹೊಡೆದು ನೋಡಿದ್ದೇವೆ. ಒಂದರ ಕೆಲಸ ಮುಗಿಯುವಲ್ಲಿ ಇನ್ನೊಂದರ ಕೆಲಸ ಶುರುವಾಗುತ್ತದೆ. ಬಡಿಗತನವೇ ಮುಖ್ಯವಾದವರು ಮೊದಲು ಎಫ್-30 ಕೊಳ್ಳಬೇಕು. ಫಾಲ್ಸ್ ಸೀಲಿಂಗ್, ಗೋಡೆ ಪ್ಯಾನೆಲ್ ಮಾಡುವವರಿಗೆ ಮಾತ್ರ ಎಸ್‌ಟಿ-64 ಮೊದಲು.

ವ್ಯತ್ಯಾಸವೆಲ್ಲ ಮೊಳೆಯಲ್ಲಿದೆ. ಎಫ್-30ರದು 18 ಗೇಜಿನ ಸಣ್ಣ ಮೊಳೆ, ಉದ್ದ 10ರಿಂದ 30 ಮಿ.ಮೀ., ದಪ್ಪ ಒಂದು ಮಿ.ಮೀ.ಗಿಂತ ತುಸು ಹೆಚ್ಚು. ತಲೆ ಎಷ್ಟು ಚಿಕ್ಕದೆಂದರೆ ಮೇಲೆ ಪುಟ್ಟಿ ಒರೆಸಿದರೆ ಗುರುತೇ ಉಳಿಯುವುದಿಲ್ಲ. ಎಸ್‌ಟಿ-64ಕ್ಕೆ ಎರಡು ಮಿ.ಮೀ. ಮೀರಿದ ದಪ್ಪದ ಉಕ್ಕಿನ ಮೊಳೆ ಬೇಕು, ಉದ್ದ 18ರಿಂದ 64 ಮಿ.ಮೀ. 10 ಮಿ.ಮೀ. ದಪ್ಪದ ಸಾಗವಾನಿ ಬೀಡಿಂಗಿಗೆ (ಅಂಚಿಗೆ ಕೂಡಿಸುವ ಪಟ್ಟಿಗೆ) ಇದನ್ನು ಅಂಚಿನ ಹತ್ತಿರ ಹೊಡೆದರೆ ಪಟ್ಟಿ ಎಳೆಗುಂಟ ಸೀಳುತ್ತದೆ, ಸೀಳದಿದ್ದರೂ ತಲೆ ಎದ್ದು ಕಾಣುತ್ತದೆ.

ಎಫ್-30ಕ್ಕೂ ಮಿತಿಯಿದೆ. ಮೇಲಿನ ಪಟ್ಟಿಯ ದಪ್ಪದ ಮೂರು ಪಟ್ಟು ಉದ್ದದ ಮೊಳೆ ಬೇಕೆಂಬುದು ಬಡಿಗರ ಹಳೆಯ ಲೆಕ್ಕ. 10 ಮಿ.ಮೀ. ಬೀಡಿಂಗಿಗೆ 30ರ ಮೊಳೆ ಸರಿಹೋಗುತ್ತದೆ. 18 ಮಿ.ಮೀ. ಪ್ಲೈಯನ್ನು ಇನ್ನೊಂದು ಪ್ಲೈಯ ಅಂಚಿಗೆ ಕೂಡಿಸುವಾಗ ಅದೇ ಮೊಳೆ ಒಳಗೆ ಹಿಡಿಯುವುದು ಬರೀ 12 ಮಿ.ಮೀ. ಅಲ್ಲಿ ಮೊಳೆಯ ಕೆಲಸ ಫೆವಿಕಾಲ್ ಒಣಗುವ ತನಕ ಹಿಡಿದಿಡುವುದಷ್ಟೆ. ಭಾರ ಹೊರಬೇಕಾದ ಕಪಾಟಿಗೆ ಸ್ಕ್ರೂ ಹಾಕಲೇಬೇಕು. ವಿಜಯಪುರದ ಕಡೆಯ ಒಣಗಿದ ಜಾಲಿ ಕಟ್ಟಿಗೆಗೆ 30ರ ಮೊಳೆ ಹೊಡೆದರೆ ನಡುವೆ ಬಾಗಿ ಪಕ್ಕದಿಂದ ಹೊರಬರುತ್ತದೆ. ಒತ್ತಡ ಏರಿಸಿ ಫಲವಿಲ್ಲ, ಮೊಳೆ 20 ಅಥವಾ 25ಕ್ಕೆ ಇಳಿಸಬೇಕು. ಸಣ್ಣ ಮೊಳೆ ಕಡಿಮೆ ಬಾಗುತ್ತದೆ.

ಗೋಡೆಯ ವಿಷಯ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಒಂದೇ ತೆರನಾಗಿಲ್ಲ. ಎಸ್‌ಟಿ-64 ಚೆನ್ನಾಗಿ ಹಿಡಿಯುವುದು ಇಟ್ಟಿಗೆ ಮತ್ತು ಸಿಮೆಂಟ್ ಕಾಂಕ್ರೀಟಿನಲ್ಲಿ. ಮೊಳೆ ಒಳಗೆ 15ರಿಂದ 20 ಮಿ.ಮೀ. ಇಳಿದರೆ ಸಾಕು. 20 ಮಿ.ಮೀ. ರೀಪು, 12 ಮಿ.ಮೀ. ಪ್ಲಾಸ್ಟರ್ ಇದ್ದರೆ 50ರ ಮೊಳೆ ಹಾಕಬೇಕು. 64 ಹಾಕಿದರೆ ಗಟ್ಟಿ ಕಾಂಕ್ರೀಟಿನಲ್ಲಿ ಪೂರ್ತಿ ಇಳಿಯದೆ ಬಾಗುತ್ತದೆ. ಖಾನಾಪುರ ಕಡೆಯ ಜಂಬಿಟ್ಟಿಗೆಗೆ ಸಲೀಸಾಗಿ ಹೋಗುತ್ತದೆ, ಕೈಯಿಂದ ಎಳೆದರೆ ಪುಡಿಯೊಂದಿಗೆ ಹೊರಬರುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟಿನ ಎಎಸಿ ಬ್ಲಾಕಿನದೂ ಇದೇ ಪಾಡು. ವಿಜಯಪುರದ ಕರಿಕಲ್ಲು, ಇಳಕಲ್ಲಿನ ಗ್ರಾನೈಟ್ ಇವುಗಳ ಮೇಲೆ ಮಾತ್ರ ಈ ಗನ್ ಎತ್ತಲೇಬಾರದು. ಮೊಳೆ ಒಳಗೆ ಹೋಗುವುದಿಲ್ಲ, ತಿರುಗಿ ಹಾರುತ್ತದೆ. ಹಳೆಯ ಮನೆಗಳಲ್ಲಿ ಪ್ಲಾಸ್ಟರಿನ ಹಿಂದೆ ಏನಿದೆಯೆಂದು ಕಾಣುವುದಿಲ್ಲವಾದ್ದರಿಂದ ಮೊದಲು ಡ್ರಿಲ್ಲಿನಿಂದ ಒಂದು ತೂತು ಕೊರೆದು ಪುಡಿಯ ಬಣ್ಣ ನೋಡಿ. ಕಲ್ಲು ಕಂಡರೆ ಪ್ಲಗ್ ಮತ್ತು ಸ್ಕ್ರೂ ಹಾಕಿ. ಸ್ವಿಚ್ ಬೋರ್ಡಿನ ಮೇಲೆ ಕೆಳಗೆ ನೇರ ಗೆರೆಯಲ್ಲಿ ವೈರಿನ ಪೈಪ್ ಹೋಗಿರುತ್ತದೆ, ಅಲ್ಲಿ ಹೊಡೆಯಬೇಡಿ.

ಕಂಪ್ರೆಸರಿನ ಲೆಕ್ಕ. 24–25 ಲೀಟರ್ ಟ್ಯಾಂಕಿನ, 1 ಎಚ್‌ಪಿ ಕಂಪ್ರೆಸರ್ ಎಫ್-30ಕ್ಕೆ ಧಾರಾಳವಾಯಿತು. ಅದಕ್ಕೇ ಎಸ್‌ಟಿ-64 ಹಚ್ಚಿದರೆ ಒಂದೇ ಸಮ ಹೊಡೆಯುವಾಗ ಒತ್ತಡ ಕುಸಿದು ಕೊನೆಯ ಮೊಳೆಗಳು ಅರ್ಧಕ್ಕೇ ನಿಲ್ಲುತ್ತವೆ. ದೊಡ್ಡ ಗನ್ನಿಗೆ 50 ಲೀಟರ್, 2 ಎಚ್‌ಪಿ ಇರಲಿ. ಎಫ್-30ಕ್ಕೆ ಹೊರಗೆ 8, ಒಳಗೆ 5 ಮಿ.ಮೀ. ಅಳತೆಯ ಪಿಯು (ಪಾಲಿಯುರಿಥೇನ್) ಪೈಪ್ ನಡೆಯುತ್ತದೆ. ಎಸ್‌ಟಿ-64ಕ್ಕೆ ಅದು ಇಕ್ಕಟ್ಟು, 10ಕ್ಕೆ 6.5ರದು ಬೇಕು. ಕೆಲಸದ ಜಾಗ ದೂರವಿದ್ದರೆ ಗಾಳಿಯ ಪೈಪನ್ನೇ ಉದ್ದ ಮಾಡಿ, ಕರೆಂಟಿನ ವೈರನ್ನಲ್ಲ. ತೆಳುವಾದ ಎಕ್ಸ್‌ಟೆನ್ಶನ್ ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟಾರು ಗುಂಯ್‌ಗುಟ್ಟಿ ಟ್ರಿಪ್ ಆಗುತ್ತದೆ. ಮೋಟಾರು ನಿಂತಾಗ ‘ಸ್ಸ್’ ಎಂದು ಗಾಳಿ ಬಿಡುವ ಸದ್ದು ಕೇಳದಿದ್ದರೆ ಪ್ರೆಶರ್ ಸ್ವಿಚ್ಚಿನ ಕೆಳಗಿನ ಪುಟ್ಟ ವಾಲ್ವ್ ಕೆಟ್ಟಿದೆ. ಮುಂದಿನ ಸಲ ಮೋಟಾರು ಆ ಒತ್ತಡದ ವಿರುದ್ಧ ತಿರುಗಲಾರದು.

ಹಚ್ಚುವ ಕ್ರಮ ಎರಡಕ್ಕೂ ಒಂದೇ. ಪೈಪ್ ಹಚ್ಚುವ ಮುನ್ನ ಗನ್ನಿನ ಗಾಳಿ ಬಾಯಿಗೆ ಎರಡು ಮೂರು ಹನಿ ನ್ಯೂಮ್ಯಾಟಿಕ್ ಎಣ್ಣೆ (ಗಾಳಿ ಉಪಕರಣಗಳ ಎಣ್ಣೆ) ಬಿಡಿ. ಗಾಡಿಯ ಎಂಜಿನ್ ಆಯಿಲ್ ಬೇಡ, ತುಕ್ಕು ಬಿಡಿಸುವ ಸ್ಪ್ರೇ ಬೇಡವೇ ಬೇಡ, ಒಳಗಿನ ರಬ್ಬರ್ ಓ-ರಿಂಗ್ ಹಾಳಾಗುತ್ತವೆ. ಗನ್ನಿನ ಕಡೆ ಗಂಡು ನಿಪ್ಪಲ್ ಇರಲಿ, ಹೆಣ್ಣು ಕಪ್ಲರ್ ಪೈಪಿನ ಕಡೆಗೇ. ತಿರುವುಮುರುವಾದರೆ ಪೈಪ್ ಕಿತ್ತ ಮೇಲೂ ಗನ್ನಿನಲ್ಲಿ ಗಾಳಿ ಉಳಿದು ಒಂದು ಮೊಳೆ ಹಾರಬಲ್ಲದು. ಗಾಳಿ ಹಚ್ಚಿ, ಟ್ರಿಗರ್ ಮುಟ್ಟದೆ, ಆಮೇಲೆ ಮೊಳೆ ತುಂಬಿ. ಒತ್ತಡ ಹೊಂದಿಸುವ ರೆಗ್ಯುಲೇಟರನ್ನು ಎಫ್-30ಕ್ಕೆ 60, ಎಸ್‌ಟಿ-64ಕ್ಕೆ 75 ಪಿಎಸ್‌ಐಗೆ (ಗಾಳಿ ಒತ್ತಡದ ಅಳತೆ) ಇಟ್ಟು ಅದೇ ಕಟ್ಟಿಗೆಯ ತುಂಡಿಗೆ ಹೊಡೆದು ನೋಡಿ. ತಲೆ ಮೇಲೆ ಉಳಿದರೆ 5 ಪಿಎಸ್‌ಐಯಂತೆ ಏರಿಸಿ. ಎಂಡಿಎಫ್‌ಗೆ 65ರ ಆಸುಪಾಸು, ಸಾಗವಾನಿಗೆ 80–90 ಸಾಕಾಗುತ್ತದೆ. ಗನ್ನಿನ ಮೈಮೇಲೆ ಬರೆದ ಗರಿಷ್ಠ ಒತ್ತಡ ಮೀರಬಾರದು. ಕಂಪ್ರೆಸರ್ ಇಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿಗೆ ಗನ್ ಹಚ್ಚಿದರೆ ಅದು ಸ್ಫೋಟಿಸುತ್ತದೆ.

ಸುರಕ್ಷತೆಯಲ್ಲಿ ಗನ್ನಿನ ಗಾತ್ರಕ್ಕಿಂತ ಟ್ರಿಗರಿನ ಬಗೆ ದೊಡ್ಡದು. ಕೆಲವು ಅಗ್ಗದ ಎಫ್-30ಗಳಿಗೆ ಮೂತಿಯಲ್ಲಿ ಒತ್ತುವ ಸೇಫ್ಟಿ ಇರುವುದಿಲ್ಲ, ಬೆರಳು ಬಿದ್ದರೆ ಗಾಳಿಯಲ್ಲೇ ಮೊಳೆ ಹಾರುತ್ತದೆ. ನೂರಾರು ರೂಪಾಯಿ ಹೆಚ್ಚಾದರೂ ಮೂತಿ ಸೇಫ್ಟಿ ಇದ್ದದ್ದನ್ನೇ ಕೊಳ್ಳಿ. ಅದರಲ್ಲೂ ಎರಡು ಬಗೆ. ಟ್ರಿಗರ್ ಒತ್ತಿಹಿಡಿದು ಮೂತಿ ತಾಗಿಸಿದಷ್ಟು ಸಲ ಹೊಡೆಯುವುದು ಒಂದು; ಮೊದಲು ಮೂತಿ ಒತ್ತಿ, ಆಮೇಲೆ ಟ್ರಿಗರ್ ಎಳೆದರೆ ಒಂದೇ ಮೊಳೆ ಬಿಡುವುದು ಇನ್ನೊಂದು. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಮತ್ತು ನಯೋಶ್ ಸಂಸ್ಥೆಗಳು 2011ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಮೊದಲ ಬಗೆಯಲ್ಲಿ ಗಾಯದ ಅಪಾಯ ಎರಡು ಪಟ್ಟು. ವೇಗದಲ್ಲಿ ಮೊದಲನೆಯದು ಮುಂದು, ನಿಜ. ಬೀಡಿಂಗ್ ಕೆಲಸಕ್ಕೆ ಆ ವೇಗ ಬೇಕಾಗುವುದೇ ಇಲ್ಲ. ಹಿಡಿದ ಕೈ ಮೂತಿಯಿಂದ ಒಂದು ಅಡಿ ದೂರವಿರಲಿ. ಪಕ್ಕ ಮುಚ್ಚುವ ಕನ್ನಡಕ ಎರಡಕ್ಕೂ ಬೇಕು, ಎಸ್‌ಟಿ-64ಕ್ಕೆ ಕಿವಿಗೂ ಪ್ಲಗ್ ಬೇಕು. ಮೊಳೆ ಕೈಗೆ ನಟ್ಟರೆ ಅಲ್ಲೇ ಕೀಳಬೇಡಿ, ಅಲುಗದಂತೆ ಬಟ್ಟೆ ಕಟ್ಟಿ ಆಸ್ಪತ್ರೆಗೆ ಹೋಗಿ. ಹೊರಗೆ ಗಾಯ ಚಿಕ್ಕದಾಗಿ ಕಂಡರೂ ಎಲುಬಿಗೆ, ಕೀಲಿಗೆ ತಾಗಿರಬಹುದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಮೊಳೆ ಸಿಕ್ಕಿಬೀಳುವುದು ಎಫ್-30ರಲ್ಲಿ ಹೆಚ್ಚು, ತೆಗೆಯುವುದೂ ಅದರಲ್ಲೇ ಸುಲಭ. ಮೊದಲು ಪೈಪ್ ಕೀಳಿ, ಆಮೇಲೆ ಮೊಳೆಪಟ್ಟಿ ಹೊರಗೆ, ಆಮೇಲೆ ಮೂತಿ ಬಿಚ್ಚಿ. ಹೊಡೆಯದೆ ಇರುವಾಗಲೂ ಗಾಳಿ ಸೋರಿದರೆ ಟ್ರಿಗರ್ ವಾಲ್ವಿನ ಓ-ರಿಂಗ್ ನೋಡಿ. ಎರಡು ಮೊಳೆ ಒಟ್ಟಿಗೆ ಬಂದರೆ ಮೊಳೆ ತಳ್ಳುವ ಬ್ಲೇಡಿನ ತುದಿ ಸವೆದಿದೆ. ಮಳೆಗಾಲದ ಬೆಳಗಾವಿಯಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ದಿನವೂ ನೀರು ಕೂಡುತ್ತದೆ, ಸಂಜೆ ಕೆಳಗಿನ ವಾಲ್ವ್ ತೆರೆದು ಬಸಿಯಿರಿ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ನೀರಿಗಿಂತ ಧೂಳಿನ ಕಾಟ ಜಾಸ್ತಿ. ಅಲ್ಲಿ ಕಂಪ್ರೆಸರಿನ ಗಾಳಿ ಫಿಲ್ಟರನ್ನು ವಾರಕ್ಕೊಮ್ಮೆ ಝಾಡಿಸಬೇಕು.