ಮೊಬೈಲೇ ಲ್ಯಾಂಡ್‌ಲೈನ್: ಎರಡೂವರೆ ವರ್ಷ ಬಳಸಿದ ಮೇಲೆ

ರಾಯಚೂರಿನ ಕೋಟೆ ಕಡೆಯ ಹಳೆ ಓಣಿಯಲ್ಲಿ ನಮ್ಮ ಮನೆ. ಕಲ್ಲಿನ ಗೋಡೆ, ಹೆಚ್ಚೂಕಡಿಮೆ ಎರಡಡಿ ದಪ್ಪ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ನಡುಮನೆ ತಂಪು. ಆದರೆ ಅದೇ ಗೋಡೆ ಮೊಬೈಲ್ ಸಿಗ್ನಲನ್ನೂ ಹೊರಗೇ ನಿಲ್ಲಿಸುತ್ತದೆ. ಫೋನ್ ಬಂದರೆ ಅಂಗಳಕ್ಕೆ ಓಡಬೇಕು, ಇಲ್ಲವೇ ಮಾಳಿಗೆ ಹತ್ತಬೇಕು. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಮಾಳಿಗೆ ಮೇಲೆ ನಿಂತು ಮಾತಾಡಿ ನೋಡಿ. ಎಂಥ ಮಾತುಗಾರನೂ ಎರಡೇ ನಿಮಿಷಕ್ಕೆ ಮುಗಿಸುತ್ತಾನೆ.

ಫೈಬರ್ ಇಂಟರ್ನೆಟ್ ಹಾಕಿಸಿದಾಗ ಜೊತೆಗೆ ಒಂದು ಲ್ಯಾಂಡ್‌ಲೈನ್ ನಂಬರೂ ಬಂತು, 08532 ಅಂತ ಶುರುವಾಗುವ ರಾಯಚೂರಿನದೇ ನಂಬರು. ಫೋನ್ ಮಾತ್ರ ಕೊಡಲಿಲ್ಲ. ಒಂದು ಆ್ಯಪ್ ಹಾಕಿಕೊಳ್ಳಿ ಅಂದರು. ಆ್ಯಪ್ ಹಾಕಿ, ಒಟಿಪಿ ಕೊಟ್ಟು, ಮನೆಯ ವೈ-ಫೈಗೆ ಸೇರಿಸಿದರೆ ಮೊಬೈಲೇ ಲ್ಯಾಂಡ್‌ಲೈನ್ ಆಗುತ್ತದೆ. ಕರೆ ಟವರಿನ ಗೊಡವೆಗೆ ಹೋಗುವುದಿಲ್ಲ. ವೈ-ಫೈಯಿಂದ ಮೋಡೆಮ್‌ಗೆ, ಅಲ್ಲಿಂದ ಫೈಬರ್ ತಂತಿಗೆ, ಅಷ್ಟೇ.

ವಾಟ್ಸ್‌ಆ್ಯಪ್ ಕಾಲ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಮಗ ಕೇಳಿದ. ನನ್ನದು ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಹಳ್ಳಿಯಿಂದ ಮನೆಗೆ ಫೋನ್ ಬರುತ್ತವೆ. "ಸಾವ್ಕಾರ್ರ, ಹತ್ತಿ ಇವತ್ತು ಎಷ್ಟಕ್ಕ ಹೋತ್ರಿ?" ಕೇಳುವವರಲ್ಲಿ ಅರ್ಧ ಜನರ ಕೈಯಲ್ಲಿ ಇವತ್ತಿಗೂ ಬಟನ್ ಫೋನ್. ಅವರಿಗೆ ಬೇಕಾದದ್ದು ಒತ್ತಿದರೆ ಹೊಡೆದುಕೊಳ್ಳುವ ಒಂದು ನಂಬರು.

ಹಳೆ ತಾಮ್ರದ ತಂತಿಯ ನಂಬರು ಎಲ್ಲರಿಗೂ ಬಾಯಿಪಾಠ ಇತ್ತು. ಅದನ್ನೇ ಹೊಸ ಕಡೆಗೆ ತರೋಣ ಅಂದರೆ ಆಗಲಿಲ್ಲ. ಮೊಬೈಲ್ ನಂಬರಾದರೆ ಕಂಪನಿ ಬದಲಿಸಿದರೂ ಜೊತೆಗೆ ಬರುತ್ತದೆ, ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ. ಹೊಸ ನಂಬರನ್ನು ಲೆಕ್ಕದ ಚೀಟಿಯ ಹಿಂದೆ ಬರೆದು ಬರೆದು ಹಂಚಿದೆ. ಜನಕ್ಕೆ ರೂಢಿಯಾಗಲು ಒಂದು ಹತ್ತಿ ಸೀಸನ್ ಪೂರ್ತಿ ಹಿಡಿಯಿತು.

ಧ್ವನಿಯ ಬಗ್ಗೆ ದೂರಿಲ್ಲ. ಸುಮ್ನೆ ಹೊಗಳುತ್ತಿಲ್ಲ, ಮೊಬೈಲಿಗಿಂತ ಸ್ಪಷ್ಟ. ಆ ಕಡೆ ಎಮ್ಮೆ ಒದರಿದ್ದೂ ಕೇಳುತ್ತದೆ. ಆ ಕಡೆಯವರಿಗೆ ನಮ್ಮ ಕೂಲರಿನ ಗರಗರ ಕೇಳುತ್ತದೆ, ಅದು ಬೇರೆ ಮಾತು. ಇಂಟರ್ನೆಟ್ ಸ್ಪೀಡ್ ಜಾಸ್ತಿ ಇರಬೇಕು ಅನ್ನುವುದು ತಪ್ಪು ತಿಳುವಳಿಕೆ. ಒಂದು ನಿಮಿಷದ ಮಾತಿಗೆ ಒಂದು ಎಂಬಿ ಆಸುಪಾಸು ಸಾಕು. ಮಾತು ಕತ್ತರಿಸಿದರೆ ತಪ್ಪು ಬಹುಪಾಲು ಮನೆಯ ವೈ-ಫೈಯದು. ನಮ್ಮಲ್ಲಿ ಮೋಡೆಮ್ ಮುಂಬಾಗಿಲ ಹತ್ತಿರ ಇತ್ತು, ಅಡುಗೆಮನೆಗೆ ಹೋದರೆ ಮಾತು ತುಂಡು ತುಂಡು. ಮೋಡೆಮ್ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ವೈ-ಫೈ ಕೊಡುತ್ತದೆ, ಮೊಬೈಲ್ ಆಗ 5ರದನ್ನು ಹಿಡಿದು ಕೂತಿತ್ತು. ಅದಕ್ಕೆ ವೇಗ ಜಾಸ್ತಿ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. 2.4ಕ್ಕೆ ಬದಲಿಸಿ, ಮೋಡೆಮನ್ನು ನಡುಮನೆಯ ಗೂಡಿಗೆ ತಂದಿಟ್ಟ ಮೇಲೆ ಸರಿಹೋಯಿತು. ತಂತಿ ಎಳೆಯಲು ಬಂದ ಹುಡುಗ ಗೋಡೆಗೆ ಡ್ರಿಲ್ ಹಾಕಿ ಎರಡು ಬಿಟ್ ಮುರಿದುಕೊಂಡ, ಪಾಪ.

ಇನ್ನೊಂದು ಕಿರಿಕಿರಿ ಸೊನ್ನೆಯದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕಲ್ವಾ, ಆ್ಯಪ್‌ಗೂ ಅದೇ ನಿಯಮ. ಸೊನ್ನೆ ಇಲ್ಲದೆ ಉಳಿಸಿಕೊಂಡ ನಂಬರುಗಳಿಗೆ ಮೊದಮೊದಲು ಕರೆ ಹೋಗುತ್ತಲೇ ಇರಲಿಲ್ಲ. ಮುಂದೆ ಆ್ಯಪ್ ಅಪ್‌ಡೇಟ್ ಆದ ಮೇಲೆ ತಾನೇ ಸೇರಿಸಿಕೊಳ್ಳುತ್ತಿದೆ.

ಹೊರಗೆ ಹೋಗುವ ಕರೆಯಲ್ಲಿ ಇಷ್ಟೇ. ಇಂಥ ಆ್ಯಪ್ ನಂಬಬಹುದೋ ಇಲ್ಲವೋ ಅನ್ನುವುದು ಒಳಗೆ ಬರುವ ಕರೆಯಲ್ಲಿ ಗೊತ್ತಾಗುತ್ತದೆ. ನಮಗೆ ಏಟು ಬಿದ್ದದ್ದು ಅಲ್ಲೇ.

ಮೊದಲ ವರ್ಷದ ಮಳೆಗಾಲ. ಒಂದು ಬೆಳಿಗ್ಗೆ ಎದ್ದು ಆ್ಯಪ್ ತೆರೆದೆ. ತೆರೆದ ಕೂಡಲೇ ಏಳು ಮಿಸ್ಡ್ ಕಾಲ್ ದಡದಡ ಬಂದವು. ಎಲ್ಲ ರಾತ್ರಿ ಎರಡರ ಸುಮಾರಿಗೆ, ಎಲ್ಲ ಸಿಂಧನೂರಿನಿಂದ ಅಕ್ಕನವು. ಮಾವನಿಗೆ ಎದೆ ಹಿಡಿದುಕೊಂಡಿತ್ತಂತೆ. ಗ್ಯಾಸ್ ಅಂತ ಆಮೇಲೆ ಗೊತ್ತಾಯ್ತು, ಆದರೆ ಆ ಹೊತ್ತಿಗೆ ಅಕ್ಕ ಒಬ್ಬಳೇ. ಮೊಬೈಲಿಗೆ ಮಾಡಿದರೆ ಸಿಗ್ನಲ್ ಇಲ್ಲ, ಲ್ಯಾಂಡ್‌ಲೈನಿಗೆ ಮಾಡಿದರೆ ಯಾರೂ ಎತ್ತುತ್ತಿಲ್ಲ. ಫೋನ್ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು, ಒಂದು ಸಲವೂ ಹೊಡೆದುಕೊಂಡಿರಲಿಲ್ಲ.

"ಮನ್ಯಾಗ ಎರಡೆರಡು ಫೋನ್ ಇಟ್ಕಂಡಿ, ಒಂದರ ಎತ್ತಲಿಲ್ಲ ನೋಡು" ಅಂದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಕಾರಣ ಆ್ಯಪ್ ಒಂದರದೇ ಅಲ್ಲ. ಬ್ಯಾಟರಿ ಉಳಿಸಲು ಮೊಬೈಲ್ ತಾನೇ ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಮಲಗಿದ ಆ್ಯಪ್‌ಗೆ ಕರೆ ಬಂದದ್ದೇ ತಿಳಿಯುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯಲ್ಲಿ ಯಾವ ನಿರ್ಬಂಧವೂ ಬೇಡ ಅಂತ ಹಾಕಬೇಕು. ಇದನ್ನು ಹಾಕಿಸುವ ದಿನವೇ ಹೇಳಬಹುದಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ಮೂರು ಸಲವೂ "ಆ್ಯಪ್ ತೆಗೆದು ಮತ್ತೆ ಹಾಕಿ ಸರ್" ಅನ್ನುವ ಒಂದೇ ಮಂತ್ರ. ಸೆಟ್ಟಿಂಗ್ ಹುಡುಕಿ ಕೊಟ್ಟದ್ದು ಮಗ. ಆಮೇಲೂ ಪೂರ್ತಿ ಗ್ಯಾರಂಟಿ ಇಲ್ಲ. ಮೊಬೈಲಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಎರಡು ಸಲ ಆ ಸೆಟ್ಟಿಂಗ್ ಮೊದಲಿನಂತಾಗಿತ್ತು. ಈಗ ವಾರಕ್ಕೊಮ್ಮೆ ಅಂಗಡಿಯಿಂದ ಮನೆ ನಂಬರಿಗೆ ಸುಮ್ನೆ ಒಂದು ರಿಂಗ್ ಕೊಟ್ಟು ನೋಡುತ್ತೇನೆ.

ಅದರ ಮರುವಾರವೇ ಆರುನೂರು ರೂಪಾಯಿ ಕೊಟ್ಟು ಒಂದು ಮಾಮೂಲಿ ಫೋನ್ ತಂದೆ. ಮೋಡೆಮ್ ಹಿಂದೆ ಇಂಟರ್ನೆಟ್ ತಂತಿಯ ರಂಧ್ರಕ್ಕಿಂತ ಸಣ್ಣದೊಂದು ರಂಧ್ರ ಇರುತ್ತದೆ ನೋಡಿ, ಅದು ಫೋನಿನದು. ಅದಕ್ಕೆ ಸಿಕ್ಕಿಸಿದೆ. ಈಗ ಕರೆ ಬಂದರೆ ಅದೂ ಹೊಡೆದುಕೊಳ್ಳುತ್ತದೆ, ನನ್ನ ಮತ್ತು ಹೆಂಡತಿಯ ಮೊಬೈಲೂ ಹೊಡೆದುಕೊಳ್ಳುತ್ತವೆ.

ಇನ್ನು ಕರೆಂಟು. ಹಳೆ ಫೋನಿಗೆ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅದು ಬದುಕಿರುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟ್ ಅಲ್ಲ. ಮನೆಯಲ್ಲಿ ಕರೆಂಟ್ ಹೋದರೆ ಮೋಡೆಮ್ ಸತ್ತಿತು, ಆ್ಯಪ್ ಸತ್ತಿತು. ಅತ್ತ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಸ್ಥಾವರ ಇಟ್ಟುಕೊಂಡು ನಾವು ಇಲ್ಲಿ ಬೀಸಣಿಕೆ ಬೀಸುವುದು ಹೊಸ ಸಂಗತಿಯಲ್ಲ. 12 ವೋಲ್ಟಿನ ಸಣ್ಣ ಯುಪಿಎಸ್ ತಂದು ಮೋಡೆಮ್‌ಗೆ ಜೋಡಿಸಿದೆ, ಸಾವಿರದ ಮುನ್ನೂರು ಬಿತ್ತು. ಮೊದಲು ನಾಲ್ಕು ತಾಸು ಬರುತ್ತಿತ್ತು, ಈಗ ಎರಡೂವರೆಗೆ ಕುಂಯ್ ಅನ್ನುತ್ತದೆ.

ನಿಮಗೆ ಲ್ಯಾಂಡ್‌ಲೈನ್ ನಂಬರು ಬೇಡ, ಮನೆಯೊಳಗೆ ಮೊಬೈಲ್ ನಂಬರು ಕೆಲಸ ಮಾಡಿದರೆ ಸಾಕು ಅನ್ನುವುದಾದರೆ ಈ ಆ್ಯಪ್ ಬೇಡವೇ ಬೇಡ. ಈಚಿನ ಫೋನುಗಳಲ್ಲಿ ವೈ-ಫೈ ಕಾಲಿಂಗ್ ಅನ್ನುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿದರೆ ಸಿಮ್ ನಂಬರೇ ವೈ-ಫೈ ಮೇಲೆ ನಡೆಯುತ್ತದೆ. ನಾನು ಮೊಬೈಲ್ ಬದಲಿಸಿದ ಮೇಲೆ ಅದನ್ನೂ ಬಳಸುತ್ತಿದ್ದೇನೆ. ಮೊದಲೇ ಇದ್ದಿದ್ದರೆ ಅಕ್ಕನ ಕರೆ ತಪ್ಪುತ್ತಿರಲಿಲ್ಲವೇನೋ.

ಅಂಕ ಕೊಡಿ ಅಂದರೆ ಐದಕ್ಕೆ ಮೂರೂವರೆ. ಆರುನೂರು ರೂಪಾಯಿಯ ಫೋನನ್ನೂ ಸೇರಿಸಿದರೆ ನಾಲ್ಕು. ಅದು ಈಗ ಅವ್ವನ ಮಂಚದ ಪಕ್ಕ ಕೂತಿದೆ. ಸಂಜೆ ರಿಂಗಾದರೆ ನಾನು ಜೇಬಿಗೆ ಕೈ ಹಾಕುವುದರೊಳಗೆ ಅವಳು ಎತ್ತಿರುತ್ತಾಳೆ. "ಯಾರ್ರಿ? ಹತ್ತಿ ರೇಟೇನು? ತಡೀರಿ, ನಮ್ಮ ಹುಡುಗ ಅದಾನ" ಅಂತ ಶುರು ಮಾಡಿ, ಮೊದಲು ಅವರೂರಿನ ಮಳೆ ವಿಚಾರಿಸಿ, ಆಮೇಲೆ ನನ್ನ ಕಡೆ ಕೈ ಚಾಚುತ್ತಾಳೆ.