24 ಎಂಎಂ ಪ್ರೈಮ್ ಲೆನ್ಸ್ ಕೊಳ್ಳುವ ಮುನ್ನ ನಿಮ್ಮ ಕ್ಯಾಮೆರಾದ ಸೆನ್ಸರ್ ಎಷ್ಟು ದೊಡ್ಡದೆಂದು ನೋಡಿಕೊಳ್ಳಿ

ನನ್ನ ಬಳಿ ಇರುವುದು ನಿಕಾನ್ ಡಿ5600 ಕ್ಯಾಮೆರಾ. ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್‌ನಿಂದ ಬೇಲೂರಿನ ಚೆನ್ನಕೇಶವ ದೇವಾಲಯದ ಚಿತ್ರ ತೆಗೆಯುವಾಗ ಹತ್ತಿರ ನಿಂತರೆ ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಒಂದು ಮೂಲೆ ಚೌಕಟ್ಟಿನಿಂದ ಹೊರಗುಳಿಯುತ್ತಿತ್ತು. ಒಳಮಂಟಪವಾದ ನವರಂಗದ ಮಬ್ಬುಗತ್ತಲಿನಲ್ಲಂತೂ ಕಂಬಗಳ ಕುಸುರಿ ಸರಿಯಾಗಿ ಮೂಡುತ್ತಲೇ ಇರಲಿಲ್ಲ. ಅಗಲದ ನೋಟ ಹಿಡಿಯುವ (ವೈಡ್ ಆಂಗಲ್), ಝೂಮ್ ಇಲ್ಲದ ಪ್ರೈಮ್ ಲೆನ್ಸ್ ಒಂದಿದ್ದರೆ ಎರಡು ಕೊರತೆಗಳೂ ಒಟ್ಟಿಗೆ ನೀಗುತ್ತವೆ ಎಂದು ನಂಬಿ, ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 24 ಎಂಎಂ ಎಫ್ 2.8ಡಿ ಲೆನ್ಸ್ ಕೊಂಡೆ. ‘ನಿಕಾನ್ ಮೌಂಟ್ ಇರೋ ಯಾವ ಬಾಡಿಗಾದರೂ ಆಗುತ್ತೆ ಸರ್’ ಎಂದು ಅಂಗಡಿಯವರು ಹೇಳಿದರು. ಕೂರುತ್ತದೆ ಎಂಬುದೇನೋ ನಿಜ. ಆದರೆ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ.

ಮೊದಲನೆಯ ಪೆಟ್ಟು ಬಿದ್ದದ್ದು ಬೇಲೂರಿನಲ್ಲೇ. ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ದೇವಾಲಯ ಮೊದಲಿಗಿಂತಲೂ ಕಡಿಮೆ ಕಾಣುತ್ತಿತ್ತು. ಲೆನ್ಸಿನ ಎಂಎಂ ಅಂಕಿ ಇಳಿದಷ್ಟೂ ನೋಟ ಅಗಲವಾಗುತ್ತದೆ; ಆದರೆ 24 ಎಂಎಂ ಎಂಬುದು ವೈಡ್ ಆಂಗಲ್ ಎಂಬ ಮಾತು 36×24 ಮಿಲಿಮೀಟರ್ ಅಳತೆಯ ಫಿಲಂ ಕಾಲದಿಂದ ಬಂದದ್ದು. ಆ ಅಳತೆಯ ಚೌಕಟ್ಟಿನಲ್ಲಿ ಈ ಲೆನ್ಸ್ 84 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. ನನ್ನ ಕ್ಯಾಮೆರಾದಲ್ಲಿ ಫಿಲಂನ ಜಾಗದಲ್ಲಿರುವ ಸೆನ್ಸರ್ 23.5×15.6 ಮಿಲಿಮೀಟರ್ ಮಾತ್ರ ಇರುವುದರಿಂದ ಅಂಚಿನ ಭಾಗವೆಲ್ಲ ಸೆನ್ಸರಿನ ಆಚೆ ಬಿದ್ದು, ಉಳಿಯುವುದು ಸುಮಾರು 61 ಡಿಗ್ರಿ. ಅಂದರೆ ಫಿಲಂ ಲೆಕ್ಕದಲ್ಲಿ, 24ನ್ನು 1.5ರಿಂದ ಗುಣಿಸಿದರೆ ಬರುವ 36 ಎಂಎಂ ಲೆನ್ಸ್ ತೋರಿಸುವಷ್ಟು. ಮನೆಯಲ್ಲೇ ಇದ್ದ ಕಿಟ್ ಲೆನ್ಸ್ 18 ಎಂಎಂನಲ್ಲಿ 76 ಡಿಗ್ರಿ ಹಿಡಿಯುತ್ತದೆ. ಅಗಲದ ನೋಟ ಬೇಕೆಂದು ಹಣ ಕೊಟ್ಟು, ಇದ್ದದ್ದಕ್ಕಿಂತ ಕಿರಿದಾದ ನೋಟವನ್ನು ಮನೆಗೆ ತಂದಿದ್ದೆ. ಕ್ಯಾನನ್‌ನ ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದವರು 1.6ರಿಂದ ಗುಣಿಸಬೇಕು, ಅಲ್ಲಿ 24 ಎಂಎಂ ಲೆನ್ಸ್ 38ರಂತೆ ವರ್ತಿಸುತ್ತದೆ.

ಎರಡನೆಯದು ಫೋಕಸ್. ಡಿ ಸರಣಿಯ ಈ ಹಳೆಯ ಲೆನ್ಸ್‌ಗಳ ಒಳಗೆ ಮೋಟರ್ ಇಲ್ಲ. ಕ್ಯಾಮೆರಾ ಬಾಡಿಯಲ್ಲಿರುವ ಮೋಟರ್ ಅವುಗಳನ್ನು ತಿರುಗಿಸಬೇಕು. ಡಿ7200, ಡಿ7500 ಬಾಡಿಗಳಲ್ಲಿ ಆ ಮೋಟರ್ ಇದೆ, ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಇಲ್ಲ. ಹಾಗಾಗಿ ಪ್ರತಿ ಚಿತ್ರಕ್ಕೂ ಉಂಗುರವನ್ನು ಕೈಯಿಂದಲೇ ತಿರುಗಿಸುತ್ತ, ವ್ಯೂಫೈಂಡರಿನ ಮೂಲೆಯಲ್ಲಿ ಫೋಕಸ್ ಸರಿಯಾಯಿತೆಂದು ಸೂಚಿಸುವ ಹಸಿರು ಚುಕ್ಕೆ ನಿಲ್ಲುವವರೆಗೆ ಕಾಯಬೇಕಾಯಿತು. ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗ ನವರಂಗದ ಕತ್ತಲಿನಲ್ಲಿ ಆ ಚುಕ್ಕೆ ಮಿನುಗುತ್ತ ಹೋಗುತ್ತ ಬರುತ್ತ ಇದ್ದರೆ ಎಷ್ಟು ಕಸಿವಿಸಿಯಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಬೆಳಕಿನ ವಿಷಯದಲ್ಲೂ ನನ್ನ ಲೆಕ್ಕ ತಪ್ಪಿತ್ತು, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಎಫ್ ಅಂಕಿ ಇಳಿದಷ್ಟೂ ಬೆಳಕು ಹೆಚ್ಚು ಒಳಬರುತ್ತದೆ ನಿಜ, ಆದರೆ ಕಿಟ್ ಲೆನ್ಸಿನ ಎಫ್ 3.5ರಿಂದ ಎಫ್ 2.8ಕ್ಕೆ ಬಂದರೆ ಹೆಚ್ಚಾಗಿ ಸಿಗುವುದು ಒಂದು ಸ್ಟಾಪಿನ (ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲಿನ) ಮೂರನೇ ಎರಡು ಭಾಗ ಮಾತ್ರ. ನನ್ನ ಕಿಟ್ ಲೆನ್ಸ್‌ನಲ್ಲಿದ್ದ ನಡುಕ ತಡೆಯುವ ವಿಆರ್ ಸೌಲಭ್ಯ ಈ ಪ್ರೈಮ್‌ನಲ್ಲಿಲ್ಲ. ಅಲುಗಾಡದ ಕಲ್ಲುಕಂಬದ ಚಿತ್ರಕ್ಕೆ ಆ ಚೂರು ಬೆಳಕಿಗಿಂತ ವಿಆರ್ ಎಷ್ಟೋ ಪಾಲು ಮೇಲು.

ಊರಿಗೆ ಮರಳಿದ ರಾತ್ರಿ ದೀಪ ಆರಿಸಿ, ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹಬ್ಬಿತ್ತು. ಅಂಗಡಿಯ ಬೆಳಕಿನಲ್ಲಿ ಅದು ಕಂಡಿರಲಿಲ್ಲ. ನಾನು ಟಾರ್ಚ್ ಹಿಡಿದು ನೋಡಿಯೂ ಇರಲಿಲ್ಲ. ಹಿಂದಿರುಗಿಸಲು ಹೋದಾಗ ‘ನೋಡಿಯೇ ತಗೊಂಡಿದ್ದೀರಲ್ಲ’ ಎಂದರು. ಬಿಲ್ಲಿನಲ್ಲಿ ಹಿಂದಿರುಗಿಸುವ ಮಾತೇ ಇರಲಿಲ್ಲ. ರಿಪೇರಿಯವರು ತೊಳೆದುಕೊಡಬಲ್ಲೆ, ಆದರೆ ಬೂಷ್ಟು ಗಾಜಿನ ಲೇಪವನ್ನು ತಿಂದಿರುವ ಕಡೆ ಕಲೆ ಉಳಿಯುತ್ತದೆ ಎಂದರು.

ಕೊಳ್ಳಬೇಕೆಂದಿರುವವರಲ್ಲಿ ನನ್ನ ಕಳಕಳಿಯ ವಿನಂತಿ ಇದು: ನಿಮ್ಮ ಕಿಟ್ ಲೆನ್ಸಿನ ಝೂಮ್ ಉಂಗುರವನ್ನು 24ರ ಗುರುತಿಗೆ ತಂದು, ಟೇಪ್ ಅಂಟಿಸಿ, ಒಂದು ಭಾನುವಾರವಿಡೀ ಹಾಗೆಯೇ ಚಿತ್ರ ತೆಗೆಯಿರಿ. ಖರ್ಚಿಲ್ಲದ ಈ ಪರೀಕ್ಷೆ ನನ್ನ ಅಷ್ಟೂ ಹಣವನ್ನು ಉಳಿಸುತ್ತಿತ್ತು. ಸಣ್ಣ ಸೆನ್ಸರಿನಲ್ಲಿ ನಿಜವಾದ 24ರ ನೋಟ ಬೇಕಾದರೆ 16 ಎಂಎಂ ಬೇಕು. ಆ ಅಳತೆಯಲ್ಲಿ ಸಮ್ಯಾಂಗ್ 16 ಎಂಎಂ ಎಫ್ 2ರಂಥ ಪ್ರೈಮ್ ಇದ್ದರೂ ಅದರ ಫೋಕಸ್ ಕೂಡ ಕೈಯದೇ. ಆಟೋಫೋಕಸ್ ಮತ್ತು ವಿಆರ್ ಎರಡೂ ಬೇಕೆನ್ನುವ ಡಿ5600 ಬಳಕೆದಾರರು ಪ್ರೈಮ್ ಎಂಬ ಹಟ ಬಿಟ್ಟು, ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಪಿ ಮಾದರಿಯ 10-20 ಝೂಮ್ ನೋಡುವುದು ಒಳ್ಳೆಯದು. ಹಳೆಯದನ್ನೇ ಕೊಳ್ಳುವುದಾದರೆ ನಿಮ್ಮ ಬಾಡಿಯನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ, ಟಾರ್ಚ್ ಮರೆಯಬೇಡಿ, ಎಷ್ಟು ದಿನದೊಳಗೆ ಹಿಂದಿರುಗಿಸಬಹುದೆಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ನನ್ನ ಆ ಲೆನ್ಸ್ ಈಗ ಸಿಲಿಕಾ ಜೆಲ್ ಚೀಲಗಳ ಜೊತೆ ಬೇರೆಯೇ ಡಬ್ಬಿಯಲ್ಲಿದೆ. ಅದರ ಬೂಷ್ಟು ಕಿಟ್ ಲೆನ್ಸಿಗೆ ಹಬ್ಬದಿರಲೆಂದು ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡುವುದನ್ನು ನಿಲ್ಲಿಸಿದ್ದೇನೆ.