ಕ್ಯಾಮೆರಾ, ಏಜೆನ್ಸಿ ವಾಚ್‌ಮನ್, ನಮ್ಮದೇ ಪಾಳಿ: ಮುಲುಂಡ್‌ನಲ್ಲಿ ನಾವು ಕಂಡದ್ದು

ಕಳೆದ ಜುಲೈನಲ್ಲಿ ಮುಂಬೈಯ ಮುಲುಂಡ್‌ನ ನಮ್ಮ ವಸತಿ ಸೊಸೈಟಿಯಲ್ಲಿ ಎರಡು ಸೈಕಲ್ ಕಳುವಾದವು. ಒಂದು ನನ್ನ ಮಗಳದು. 62 ಸಾವಿರ ಕೊಟ್ಟು ಎಂಟು ಕ್ಯಾಮೆರಾ ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ. ಆಮೇಲೆ ಏಜೆನ್ಸಿ ವಾಚ್‌ಮನ್ ಇಟ್ಟೆವು. ಕೊನೆಗೆ ರಾತ್ರಿ ಕಾವಲಿಗೆ ನಾವೇ ಪಾಳಿ ಹಾಕಿಕೊಂಡೆವು. ನನ್ನ ಓಟು ಪಾಳಿಗೇ.

ಕ್ಯಾಮೆರಾದ ವಿಷಯ ಹೇಳಲೇಬೇಕು. ಜೂನ್ ಬಂದರೆ ಮಳೆಗೆ ಮುಂಬೈಯ ಕಟ್ಟಡಗಳಿಗೆ ನೀಲಿ ತಾಡಪತ್ರಿ (ಟಾರ್ಪಾಲು) ಏರುತ್ತದೆ ಅಲ್ವಾ? ನಮ್ಮ ಸೈಕಲ್ ಸ್ಟ್ಯಾಂಡಿಗೂ ಕಟ್ಟಿದರು. ಕ್ಯಾಮೆರಾ ಇದ್ದದ್ದು ಅದರ ಮೇಲಿನ ಗೋಡೆಯಲ್ಲಿ. ಕಳ್ಳತನದ ರಾತ್ರಿಯ ರೆಕಾರ್ಡಿಂಗ್ ಹಾಕಿದರೆ, ಗಾಳಿಗೆ ಪಟಪಟ ಬಡಿದುಕೊಳ್ಳುವ ನೀಲಿ ಹಾಳೆ ಬಿಟ್ಟು ಬೇರೇನೂ ಇಲ್ಲ.

ಕ್ಯಾಮೆರಾ ಹಾಕಿದವರಿಗೆ ಅದನ್ನು ಕೆಳಗಿಳಿಸಿ ಅಂದೆವು. ವೈರ್ ಸಾಲದು, ಮತ್ತೆ ದುಡ್ಡು ಕೊಡಿ ಅಂದರು. ತಾಡಪತ್ರಿ ಬಿಚ್ಚಿದರೆ ಮೀಟರ್ ರೂಮಿಗೆ ನೀರು. ಮಳೆ ಮುಗಿಯುವ ತನಕ ಅದು ಹಾಗೇ ಇತ್ತು. ಇನ್ನೂ ಜಾಸ್ತಿ ನೋವಾದದ್ದು ಬೇರೆ. ತಾಡಪತ್ರಿ ಕಟ್ಟಿ ತಿಂಗಳಾದರೂ ನಮ್ಮಲ್ಲೊಬ್ಬರೂ ಆ ಸ್ಕ್ರೀನ್ ನೋಡಿರಲಿಲ್ಲ. ಕ್ಯಾಮೆರಾ ಇದೆಯಲ್ಲ ಅಂತ ಸುಮ್ನೆ ಮಲಗಿದ್ದೆವು.

ಏಜೆನ್ಸಿಗೆ ತಿಂಗಳಿಗೆ 18 ಸಾವಿರ. ಎರಡು ತಿಂಗಳಲ್ಲಿ ಐದು ಮುಖ ಬದಲಾದವು. ಹನ್ನೆರಡು ಗಂಟೆ ನಿಲ್ಲುವ ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರತಿ ಸಲ ಹೊಸಬರೇ ಬಂದರೆ, ಯಾರು ಮನೆಯವರು, ಯಾರು ಹೊರಗಿನವರು ಅಂತ ಅವರಿಗೆ ತಿಳಿಯುವುದು ಹೇಗೆ?

ಪಾಳಿಗೆ ಖರ್ಚು ಟಾರ್ಚು, ಸೀಟಿ ಅಷ್ಟೇ. 28 ಮನೆ, ರಾತ್ರಿಗೆ ಇಬ್ಬರು, ಹನ್ನೊಂದರಿಂದ ಎರಡರವರೆಗೆ. ಹದಿನಾಲ್ಕು ದಿನಕ್ಕೊಮ್ಮೆ ಸರದಿ. ದೊಣ್ಣೆ ಬೇಡ, ಬಟ್ಟೆ ನೋಡಿ ಯಾರನ್ನೂ ತಡೆಯಬಾರದು, ಯಾರ ಮೇಲೂ ಕೈ ಮಾಡಬಾರದು ಅಂತ ಮೊದಲೇ ಮಾತಾಯಿತು. ಅನುಮಾನ ಬಂದರೆ 112ಕ್ಕೆ ಫೋನ್. ಬೀಟ್ ಪೊಲೀಸರಿಗೂ ತಿಳಿಸಿದ್ದೇವೆ.

ಈ ಧೈರ್ಯ ನನಗೆ ಬಂದದ್ದು ಮುಂಬೈ ಹತ್ತಿರದ ಭಿವಂಡಿಯಿಂದ. 1984ರಲ್ಲಿ ಗಲಭೆಯಲ್ಲಿ ಬೆಂದ ಊರು ಅದು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಕಮಿಟಿಗಳನ್ನು, ಅಂದರೆ ಕೇರಿ ಕೇರಿಯ ಸಮಿತಿಗಳನ್ನು, ಕಟ್ಟಿದರು. ಹಿಂದೂಗಳು, ಮುಸ್ಲಿಮರು, ಪೊಲೀಸರು ಒಟ್ಟಿಗೆ ಕೂತು ಮಾತಾಡಿದರು. 1992-93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಅದರ ಮುಂದೆ ನಮ್ಮ ಸೈಕಲ್ ಕಾಯುವುದು ಎಷ್ಟರ ಕೆಲಸ!

ನನಗೆ ಸೆಕೆಂಡ್ ಶಿಫ್ಟ್, ಒಂದು ಗಂಟೆಗೆ ಮುಂಚೆ ನಿದ್ದೆ ಬರುವುದಿಲ್ಲ. ಹಾಗಾಗಿ ಪಾಳಿ ಒಗ್ಗಿತು. ವಯಸ್ಸಾದವರೇ ಜಾಸ್ತಿ ಇರುವ ಕಟ್ಟಡವಾದರೆ ವಾಚ್‌ಮನ್ ಇಡಿ, ಆದರೆ ಮುಖ ಬದಲಾಗಬಾರದು ಅಂತ ಏಜೆನ್ಸಿಯವರಿಂದ ಬರೆಸಿಕೊಳ್ಳಿ.

ಕ್ಯಾಮೆರಾ ತೆಗೆದಿಲ್ಲ. ಗೇಟಿನದು ಚೆನ್ನಾಗಿ ಕಾಣುತ್ತದೆ. ಸ್ಟ್ಯಾಂಡಿನದನ್ನು ಈ ಮೇ ತಿಂಗಳಲ್ಲೇ, ತಾಡಪತ್ರಿ ಏರುವ ಮುಂಚೆ, ಕೆಳಗಿಳಿಸುತ್ತೇವೆ.